ಕಾರ್ನಿಯಾದ ಸೋಂಕು ಮತ್ತು ಹುಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ನಿಯಾದ ಸೋಂಕಿನ ಬಗ್ಗೆ ರೋಗಿಗಳೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಉಳಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ. ಈ ಉತ್ತರಗಳು ವೈದ್ಯರ ತಪಾಸಣೆಗೆ ಬದಲಿಯಲ್ಲ. ಈಗ ನಿಮ್ಮ ಕಣ್ಣು ಕೆಂಪಾಗಿದ್ದು, ನೋವಿದ್ದು, ನೋಟವೂ ಮಂಜಾಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಇಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಈ ಕಾಯಿಲೆಯಲ್ಲಿ ಮೊದಲ ಎರಡು ದಿನ ಉಳಿಸಿಕೊಡುವಷ್ಟು ದೃಷ್ಟಿಯನ್ನು ಮುಂದಿನ ಎರಡು ತಿಂಗಳ ಚಿಕಿತ್ಸೆ ಮರಳಿ ತಂದುಕೊಡಲಾರದು.

## ಮೊದಲು ತಿಳಿಯಬೇಕಾದದ್ದು

ಕಾರ್ನಿಯಾ ಅಂದರೆ ಕಣ್ಣಿನ ಕಪ್ಪುಗುಡ್ಡೆಯೇ?

ಕಪ್ಪುಗುಡ್ಡೆಯ ಮೇಲೆ ಕೈಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಕಪ್ಪಾಗಿ ಅಥವಾ ಕಂದಾಗಿ ಕಾಣುವುದು ಅದರ ಹಿಂದಿರುವ ಪಾಪೆ ಮತ್ತು ಪಾಪೆಯ ಸುತ್ತಲಿನ ಬಣ್ಣದ ಪೊರೆಯಾದ ಐರಿಸ್. ಕಾರ್ನಿಯಾಕ್ಕೆ ತನ್ನದೆಂಬ ಬಣ್ಣವಿಲ್ಲ. ಅದರ ಅಡ್ಡಳತೆ 11ರಿಂದ 12 ಮಿಲಿಮೀಟರ್, ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಇಷ್ಟು ತೆಳುವಾಗಿದ್ದರೂ ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಕೂಡಿಸುವ ಕೆಲಸದ ಮೂರರಲ್ಲಿ ಎರಡು ಪಾಲನ್ನು ಅದೇ ಮಾಡುತ್ತದೆ.

ಆರೋಗ್ಯವಂತ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಅದು ಕಣ್ಣೀರಿನ ಮೂಲಕ ಗಾಳಿಯಿಂದ ಆಮ್ಲಜನಕವನ್ನೂ ಒಳಗಿನ ದ್ರವದಿಂದ ಪೋಷಣೆಯನ್ನೂ ಪಡೆಯುತ್ತದೆ. ಪಾರದರ್ಶಕತೆಗೆ ಇದು ಅನಿವಾರ್ಯವಾದ ಏರ್ಪಾಡು. ಆದರೆ ಸೋಂಕು ತಗುಲಿದಾಗ ರಕ್ಷಣೆಗೆ ಬರಬೇಕಾದ ಬಿಳಿ ರಕ್ತಕಣಗಳು ದೂರದ ಅಂಚಿನಿಂದ ನಿಧಾನವಾಗಿ ಬರಬೇಕಾಗುತ್ತದೆ. ಬಂದ ಮೇಲೂ, ಸೂಕ್ಷ್ಮಾಣುಗಳನ್ನು ಕೊಲ್ಲಲು ಅವು ಸುರಿಸುವ ಕಿಣ್ವಗಳು ಕಾರ್ನಿಯಾದ ನಾರುಗಳನ್ನೂ ಕರಗಿಸುತ್ತವೆ. ಒಮ್ಮೆ ಆ ನಾರುಗಳ ಅಚ್ಚುಕಟ್ಟಾದ ಜೋಡಣೆ ಕೆಟ್ಟರೆ, ಹುಣ್ಣು ಮಾಯ್ದ ಜಾಗದಲ್ಲಿ ಬಿಳಿ ಕಲೆ ಉಳಿಯುತ್ತದೆ. ‘ಕಣ್ಣಿಗೆ ಹೂವು ಬಿದ್ದಿದೆ’ ಎಂದು ಹಿರಿಯರು ಹೇಳುವುದು ಬಹುಪಾಲು ಈ ಕಲೆಯನ್ನೇ.

ಕಣ್ಣು ಕೆಂಪಾಗಿದೆ. ಸಾಮಾನ್ಯ ಕಣ್ಣುಬೇನೆಯೋ, ಕಾರ್ನಿಯಾದ ಸೋಂಕೋ ಹೇಗೆ ಗೊತ್ತಾಗುತ್ತದೆ?

ಕಣ್ಣುಬೇನೆಯಲ್ಲಿ ಕೆರೆತ, ಪಿಚ್ಚು, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವುದು ಮುಖ್ಯ. ಅನೇಕರಲ್ಲಿ ಎರಡೂ ಕಣ್ಣು ಕೆಂಪಾಗುತ್ತವೆ, ಪಿಚ್ಚು ಒರೆಸಿದ ಮೇಲೆ ನೋಟ ಮೊದಲಿನಷ್ಟೇ ಸ್ಪಷ್ಟವಾಗಿರುತ್ತದೆ. ಕಾರ್ನಿಯಾದ ಸೋಂಕು ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುತ್ತದೆ. ನೋವು ಚುಚ್ಚುವಂತಿರುತ್ತದೆ, ಬೆಳಕನ್ನು ನೋಡಲಾಗುವುದಿಲ್ಲ, ನೀರು ಸುರಿಯುತ್ತದೆ, ನೋಟ ಮಸುಕಾಗುತ್ತದೆ, ಮತ್ತು ಕೆಂಪು ಕಪ್ಪುಗುಡ್ಡೆಯ ಸುತ್ತ ಹೆಚ್ಚು ದಟ್ಟವಾಗಿರುತ್ತದೆ. ಕಪ್ಪುಗುಡ್ಡೆಯ ಮೇಲೆ ಬಿಳಿ ಅಥವಾ ಬೂದು ಬಣ್ಣದ ಚುಕ್ಕೆ ಕಂಡರೆ ಅನುಮಾನಕ್ಕೆ ಎಡೆಯೇ ಇಲ್ಲ.

ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ, ಕೆಂಪಾದ ಕಣ್ಣಿನಿಂದ ಮಾತ್ರ ಏನನ್ನಾದರೂ ಓದಿ ನೋಡಿ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುವುದರಿಂದ ಎಷ್ಟೋ ಜನರಿಗೆ ತಮ್ಮ ನೋಟ ಇಳಿದಿರುವುದೇ ತಿಳಿದಿರುವುದಿಲ್ಲ. ಆದರೆ ಓದಲು ಸಾಧ್ಯವಾಯಿತೆಂಬ ಒಂದೇ ಕಾರಣಕ್ಕೆ ನೋವನ್ನು ಕಡೆಗಣಿಸಬಾರದು. ಹುಣ್ಣು ಅಂಚಿನಲ್ಲಿದ್ದರೆ ಮೊದಮೊದಲು ನೋಟ ಚೆನ್ನಾಗಿಯೇ ಇರಬಹುದು.

ಒಂದು ಸಣ್ಣ ಗೀರಿನಿಂದ ಇಷ್ಟೆಲ್ಲ ಆಗುತ್ತದೆಯೇ?

ಆಗುತ್ತದೆ. ಕಾರ್ನಿಯಾದ ಮೇಲ್ಪೊರೆ ಅಖಂಡವಾಗಿರುವವರೆಗೆ ಹೆಚ್ಚಿನ ಸೂಕ್ಷ್ಮಾಣುಗಳು ಒಳಹೋಗಲಾರವು. ಗೊನೊರಿಯಾ, ಡಿಫ್ತೀರಿಯಾ ಮುಂತಾದವನ್ನು ತರುವ ಕೆಲವೇ ಬ್ಯಾಕ್ಟೀರಿಯಾಗಳಿಗೆ ಮಾತ್ರ ಆ ಶಕ್ತಿಯಿದೆ. ಎಲೆಯ ಅಂಚು, ಕಡ್ಡಿ, ಉಗುರು, ಲೋಹದ ಕಣ, ಒಳಕ್ಕೆ ಬಾಗಿದ ರೆಪ್ಪೆಗೂದಲು ಹೀಗೆ ಯಾವುದೇ ವಸ್ತು ಮೇಲ್ಪೊರೆಯನ್ನು ತರಚಿದರೆ ಬಾಗಿಲು ತೆರೆದಂತೆಯೇ. ಕಣ್ಣೀರು ಸಾಲದಿರುವುದು, ರೆಪ್ಪೆ ಪೂರ್ತಿ ಮುಚ್ಚದಿರುವುದು, ಕಾರ್ನಿಯಾದ ಸ್ಪರ್ಶಜ್ಞಾನ ಕುಂದಿರುವುದು, ಹತೋಟಿ ತಪ್ಪಿದ ಮಧುಮೇಹ ಇವೂ ಅದೇ ಬಾಗಿಲನ್ನು ತೆರೆದಿಡುತ್ತವೆ.

ಇದಕ್ಕೆ ಎದುರಾಗಿ ಭರವಸೆ ಕೊಡುವ ಸಂಗತಿಯೊಂದಿದೆ. ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಹಳ್ಳಿಯ ಕಾರ್ಯಕರ್ತರು ಕಾರ್ನಿಯಾಕ್ಕೆ ಗೀರು ಬಿದ್ದವರನ್ನು ಗುರುತಿಸಿ, 1 ಶೇಕಡಾ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿದರು. ಶೇಕಡಾ 96ರಷ್ಟು ಜನರ ಗೀರು ಸೋಂಕಿಲ್ಲದೆ ಮಾಯಿತು. ಪೆಟ್ಟು ಬಿದ್ದ 18 ಗಂಟೆಯೊಳಗೆ ಚಿಕಿತ್ಸೆ ಆರಂಭಿಸಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಅಂದರೆ ಹುಣ್ಣನ್ನು ಅಗ್ಗವಾಗಿ, ಸುಲಭವಾಗಿ ತಡೆಯುವ ಹೊತ್ತು ಇದ್ದೇ ಇದೆ, ಆದರೆ ಅದು ಒಂದು ಹಗಲು ರಾತ್ರಿಗಿಂತ ದೊಡ್ಡದಲ್ಲ. ಕಣ್ಣಿಗೆ ಏನಾದರೂ ತಾಗಿದ ಕೂಡಲೇ ಶುದ್ಧ ನೀರಿನಿಂದ ತೊಳೆಯಿರಿ, ಉಜ್ಜಬೇಡಿ, ಚುಚ್ಚಿಕೊಂಡ ವಸ್ತುವನ್ನು ನೀವೇ ಕೀಳಲು ಹೋಗಬೇಡಿ, ಮತ್ತು ‘ನಾಳೆಯವರೆಗೆ ನೋಡೋಣ’ ಎನ್ನಬೇಡಿ. ಸೊಪ್ಪಿನ ರಸ, ಜೇನು, ಎದೆಹಾಲು ಮುಂತಾದವನ್ನು ಗೀರಿನ ಮೇಲೆ ಹಾಕುವುದೆಂದರೆ ತೆರೆದ ಬಾಗಿಲಿನಿಂದ ಸೂಕ್ಷ್ಮಾಣುಗಳನ್ನು ನಾವೇ ಒಳಗೆ ಬಿಟ್ಟಂತೆ.

ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ?

ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಹುಣ್ಣು ಸಾಮಾನ್ಯವಾಗಿ ಹರಡುವುದಿಲ್ಲ. ಅಡಿನೊವೈರಸ್‌ನ ಕಣ್ಣುಬೇನೆ ಮಾತ್ರ ಬಹಳ ಬೇಗ ಹರಡುತ್ತದೆ. ಹಾಗಾಗಿ ಕಾರಣ ತಿಳಿಯುವವರೆಗೆ ಟವೆಲ್, ದಿಂಬು, ಔಷಧದ ಸೀಸೆ ಬೇರೆಯಾಗಿರಲಿ.

## ಸೋಂಕಿನ ಕಾರಣಗಳು

ಎರಡೇ ದಿನದಲ್ಲಿ ಕಣ್ಣು ಪೂರ್ತಿ ಬೆಳ್ಳಗಾಯಿತು. ಇಷ್ಟು ಬೇಗ ಹೇಗೆ?

ಅಷ್ಟು ವೇಗ ಬ್ಯಾಕ್ಟೀರಿಯಾಗಳ ಲಕ್ಷಣ. ಸ್ಟ್ಯಾಫಿಲೋಕಾಕಸ್, ನ್ಯೂಮೋಕಾಕಸ್ ಮತ್ತು ಸ್ಯೂಡೋಮೊನಾಸ್ ಇವುಗಳಲ್ಲಿ ಮುಖ್ಯವಾದವು. ಮೂರರಲ್ಲಿ ಸ್ಯೂಡೋಮೊನಾಸ್ ಅತ್ಯಂತ ಭಯಂಕರವಾದದ್ದು: ನಾರುಗಳನ್ನು ಕರಗಿಸುವ ಕಿಣ್ವಗಳು ಅದರಲ್ಲೇ ಇರುವುದರಿಂದ, ಚಿಕಿತ್ಸೆ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಕಾರ್ನಿಯಾ ಕರಗಿ ತೂತಾಗಬಹುದು. ಹುಣ್ಣು ಜೋರಾದಾಗ ಕಾರ್ನಿಯಾದ ಹಿಂದೆ, ಕೆಳಭಾಗದಲ್ಲಿ ಬಿಳಿಯ ಕೀವು ಮಟ್ಟಸವಾಗಿ ನಿಂತಿರುವುದು ಕನ್ನಡಿಯಲ್ಲೇ ಕಾಣಿಸುತ್ತದೆ.

ಎಲೆ ತಾಗಿ ಹತ್ತು ದಿನವಾದ ಮೇಲೆ ಬಿಳಿ ಚುಕ್ಕೆ ಬಂದಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಬಹುಮಟ್ಟಿಗೆ ಇದೆ, ಮತ್ತು ಈ ವಿಷಯವನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಗಿಡ, ಮಣ್ಣು, ಧಾನ್ಯದ ಸುಂಕು ತಾಗಿದ ನಂತರ ನಿಧಾನವಾಗಿ ಬೆಳೆಯುವ ಹುಣ್ಣಿನಲ್ಲಿ ಶಿಲೀಂಧ್ರದ ಅನುಮಾನ ಮೊದಲು ಬರಬೇಕು. ಫ್ಯುಸೇರಿಯಮ್ ಮತ್ತು ಆಸ್ಪರ್ಜಿಲಸ್ ಎಂಬ ಎಳೆಯಾಕಾರದ ಶಿಲೀಂಧ್ರಗಳು ಬಿಸಿಲು ಮತ್ತು ತೇವ ಹೆಚ್ಚಿರುವ ಪ್ರದೇಶಗಳಲ್ಲಿ ಕಾರ್ನಿಯಾ ಹುಣ್ಣಿನ ದೊಡ್ಡ ಕಾರಣಗಳು. ತಂಪು ದೇಶಗಳಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್‌ನ ಪಾಲು ಹೆಚ್ಚು. ಹುಣ್ಣು ಒಣಗಿದಂತೆ, ಅಂಚು ಗರಿಗರಿಯಾಗಿ ಹಬ್ಬಿದಂತೆ, ಪಕ್ಕದಲ್ಲಿ ಮರಿ ಚುಕ್ಕೆಗಳಿರುವಂತೆ ಕಾಣುವುದುಂಟು. ಎಷ್ಟೋ ಸಲ ಕಣ್ಣಿನ ಸ್ಥಿತಿ ಕೆಟ್ಟಿದ್ದರೂ ನೋವು ಅದಕ್ಕೆ ತಕ್ಕಷ್ಟಿರುವುದಿಲ್ಲ, ಆದ್ದರಿಂದಲೇ ರೋಗಿಗಳು ತಡವಾಗಿ ಬರುತ್ತಾರೆ.

ವರ್ಷಕ್ಕೊಮ್ಮೆ ಅದೇ ಕಣ್ಣು ಕೆಂಪಾಗಿ ನೋಯುತ್ತದೆ. ಇದೇನು?

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಇರಬಹುದು. ತುಟಿಯ ಬಳಿ ಜ್ವರದ ಗುಳ್ಳೆಗಳನ್ನು ಎಬ್ಬಿಸುವ ವೈರಸ್ ಇದೇ. ಮೊದಲ ಸೋಂಕು ಬಾಲ್ಯದಲ್ಲಿ ಗೊತ್ತೇ ಆಗದಂತೆ ಮುಗಿದು, ವೈರಸ್ ಮುಖಕ್ಕೆ ಸ್ಪರ್ಶಜ್ಞಾನ ಕೊಡುವ ನರದ ಬುಡದಲ್ಲಿರುವ ಗ್ಯಾಂಗ್ಲಿಯನ್ ಎಂಬ ನರಕೋಶಗಳ ಗಂಟಿನಲ್ಲಿ ಜೀವಮಾನವಿಡೀ ಉಳಿದುಕೊಳ್ಳುತ್ತದೆ. ಜ್ವರ, ಬಿಸಿಲು, ರೋಗನಿರೋಧಕ ಶಕ್ತಿಯ ಕುಂದು ಮುಂತಾದ ಸಂದರ್ಭಗಳಲ್ಲಿ ನರದ ಹಾದಿ ಹಿಡಿದು ಕಣ್ಣಿಗೆ ಬರುತ್ತದೆ. ಫ್ಲೋರೆಸಿನ್ ಎಂಬ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಹುಣ್ಣು ಕವಲೊಡೆದ ರೆಂಬೆಯಂತೆ ಹಸಿರಾಗಿ ಹೊಳೆಯುತ್ತದೆ. ಒಮ್ಮೆ ಕಂಡ ವೈದ್ಯರು ಆ ಆಕಾರವನ್ನು ಮರೆಯುವುದಿಲ್ಲ.

ಪ್ರತಿ ಸಲವೂ ಅದು ಕಲೆಯನ್ನು ಹೆಚ್ಚಿಸಿ, ಕಾರ್ನಿಯಾದ ಸ್ಪರ್ಶಜ್ಞಾನವನ್ನು ತಗ್ಗಿಸುತ್ತದೆ. ಆದ್ದರಿಂದ ಮರುಕಳಿಸದಂತೆ ತಡೆಯುವುದೂ ಚಿಕಿತ್ಸೆಯ ಭಾಗವೇ. 1998ರಲ್ಲಿ ಪ್ರಕಟವಾದ ಹರ್ಪಿಸ್ ನೇತ್ರರೋಗ ಅಧ್ಯಯನದಲ್ಲಿ, ಒಂದು ವರ್ಷ ಪ್ರತಿದಿನ ಅಸೈಕ್ಲೊವಿರ್ ಎಂಬ ವೈರಸ್ ವಿರೋಧಿ ಔಷಧದ 400 ಮಿಲಿಗ್ರಾಮ್ ಮಾತ್ರೆಯನ್ನು ಎರಡು ಸಲ ನುಂಗಿದವರಲ್ಲಿ ಶೇಕಡಾ 19 ಜನರಿಗೆ ರೋಗ ಮರಳಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇಕಡಾ 32. ಪದೇ ಪದೇ ತೊಂದರೆಯಾಗುವವರು ಈ ಬಗ್ಗೆ ತಮ್ಮ ವೈದ್ಯರಲ್ಲಿ ಕೇಳಬೇಕು.

ಸರ್ಪಸುತ್ತು ಬೇರೆ ವೈರಸ್‌ನಿಂದ ಬರುತ್ತದೆ. ಹಣೆಯ ಒಂದು ಬದಿಯಲ್ಲಿ ಎದ್ದ ಗುಳ್ಳೆಗಳು ಮೂಗಿನ ತುದಿಗೂ ಇಳಿದಿದ್ದರೆ ಕಣ್ಣಿಗೂ ತಗುಲುವ ಸಂಭವ ಹೆಚ್ಚು. ಕಣ್ಣು ಕೆಂಪಾಗುವವರೆಗೆ ಕಾಯದೆ ತೋರಿಸಬೇಕು.

ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಸ್ನಾನ ಮಾಡುತ್ತೇನೆ, ಕೆಲವೊಮ್ಮೆ ಹಾಗೆಯೇ ಮಲಗುತ್ತೇನೆ. ಇಷ್ಟು ವರ್ಷ ಏನೂ ಆಗಿಲ್ಲವಲ್ಲ?

ಇಷ್ಟು ವರ್ಷ ಆಗಿಲ್ಲ ಎಂಬುದು ಮುಂದೆಯೂ ಆಗುವುದಿಲ್ಲ ಎಂಬುದಕ್ಕೆ ಆಧಾರವಲ್ಲ. ಮಲಗಿದಾಗ ರೆಪ್ಪೆ ಮುಚ್ಚಿ ಕಾರ್ನಿಯಾಕ್ಕೆ ಆಮ್ಲಜನಕ ಕಡಿಮೆಯಾಗಿರುತ್ತದೆ. ಅದರ ಮೇಲೆ ಲೆನ್ಸ್ ಇದ್ದರೆ ಮೇಲ್ಪೊರೆ ಇನ್ನಷ್ಟು ಸೊರಗುತ್ತದೆ, ಲೆನ್ಸಿಗೆ ಅಂಟಿದ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಅಲ್ಲೇ ನಿಲ್ಲುತ್ತವೆ. ಲೆನ್ಸ್ ಹಾಕಿಕೊಂಡು ಮಲಗುವವರಲ್ಲಿ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚು.

ನೀರಿನ ಅಪಾಯ ಬೇರೆ ಬಗೆಯದು. ನಲ್ಲಿ ನೀರು, ಈಜುಕೊಳ, ಕೆರೆ, ಮಣ್ಣು ಎಲ್ಲೆಡೆಯೂ ಅಕಾಂತಅಮೀಬಾ ಎಂಬ ಏಕಕೋಶಜೀವಿ ಇರುತ್ತದೆ. ಕಷ್ಟ ಬಂದಾಗ ಅದು ಎರಡು ಗೋಡೆಯ ಗಟ್ಟಿ ಕೋಶದೊಳಗೆ ಅವಿತುಕೊಳ್ಳುತ್ತದೆ. ಈಜುಕೊಳಕ್ಕೆ ಹಾಕುವ ಕ್ಲೋರಿನ್ ಆ ಗೋಡೆಯನ್ನು ಒಡೆಯಲಾರದು. ಈ ಸೋಂಕಿನಲ್ಲಿ ಕಣ್ಣು ನೋಡಲು ಅಷ್ಟು ಕೆಟ್ಟಿರದಿದ್ದರೂ ನೋವು ತಡೆಯಲಾಗದಷ್ಟಿರುತ್ತದೆ. ಆರಂಭದಲ್ಲಿ ಇದನ್ನು ಹರ್ಪಿಸ್ ಎಂದು ತಪ್ಪಾಗಿ ಭಾವಿಸಿ ವಾರಗಟ್ಟಲೆ ಕಳೆದುಹೋಗುವುದು ಸಾಮಾನ್ಯ. ಪಿಎಚ್‌ಎಂಬಿ, ಕ್ಲೋರ್‌ಹೆಕ್ಸಿಡಿನ್‌ನಂಥ ಕ್ರಿಮಿನಾಶಕ ಹನಿಗಳನ್ನು ತಿಂಗಳುಗಟ್ಟಲೆ ಹಾಕಬೇಕಾಗುತ್ತದೆ.

ಲೆನ್ಸಿಗೆ ನೀರು ಸೋಕಬಾರದು, ಲೆನ್ಸ್ ಮುಟ್ಟುವ ಮುನ್ನ ಕೈ ತೊಳೆದು ಒರೆಸಿಕೊಂಡಿರಬೇಕು, ಡಬ್ಬಿಯಲ್ಲಿ ಉಳಿದ ಹಳೆಯ ದ್ರಾವಣದ ಮೇಲೆ ಹೊಸದನ್ನು ಸುರಿಯಬಾರದು. ಕಣ್ಣು ಕೆಂಪಾದರೆ ಲೆನ್ಸನ್ನು ತಕ್ಷಣ ತೆಗೆಯಿರಿ, ಎಸೆಯಬೇಡಿ. ಡಬ್ಬಿಯ ಸಮೇತ ವೈದ್ಯರಲ್ಲಿಗೆ ಒಯ್ಯಿರಿ, ಅದರಿಂದಲೂ ಸೂಕ್ಷ್ಮಾಣುವನ್ನು ಬೆಳೆಸಿ ಗುರುತಿಸಬಹುದು.

ಪೆಟ್ಟೇ ಬೀಳದ ಮಗುವಿನ ಕಾರ್ನಿಯಾ ಕರಗಲು ಏನು ಕಾರಣ?

ವಿಟಮಿನ್ ‘ಎ’ ಕೊರತೆ. ಇರುಳುಗುರುಡು, ಕಣ್ಣು ಒಣಗುವಿಕೆ ಇವುಗಳ ನಂತರ ಕಾರ್ನಿಯಾ ಮೆತ್ತಗಾಗಿ ಕರಗುತ್ತದೆ. ದಡಾರ ಬಂದ ಅಪೌಷ್ಟಿಕ ಮಗುವಿನಲ್ಲಿ ಇದು ದಿನಗಳಲ್ಲೇ ಆಗಿಬಿಡಬಹುದು. ಇದು ಕಣ್ಣಿಗಷ್ಟೇ ಅಲ್ಲ, ಜೀವಕ್ಕೂ ಅಪಾಯದ ಸೂಚನೆ. ಆಸ್ಪತ್ರೆಯಲ್ಲಿ ತಕ್ಷಣ ದೊಡ್ಡ ಪ್ರಮಾಣದ ವಿಟಮಿನ್ ‘ಎ’ ಕೊಡಬೇಕು.

## ಪರೀಕ್ಷೆ ಮತ್ತು ಚಿಕಿತ್ಸೆ

ಹುಣ್ಣನ್ನು ಕೆರೆದು ತೆಗೆಯಬೇಕು ಅನ್ನುತ್ತಿದ್ದಾರೆ. ಭಯವಾಗುತ್ತಿದೆ, ಬೇಡ ಅನ್ನಬಹುದೇ?

ದಯವಿಟ್ಟು ಬೇಡವೆನ್ನಬೇಡಿ. ಈ ಕಾಯಿಲೆಯಲ್ಲಿ ಅತ್ಯಂತ ಬೆಲೆಬಾಳುವ ಹತ್ತು ನಿಮಿಷ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರಗಟ್ಟಿಸುವ ಹನಿ ಹಾಕಿದ ಮೇಲೆ, ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಹುಣ್ಣಿನ ತಳ ಮತ್ತು ಅಂಚಿನಿಂದ ಚೂರೇ ಚೂರು ಅಂಶವನ್ನು ಕೆರೆದು ತೆಗೆಯುತ್ತಾರೆ. ಮುಟ್ಟಿದ್ದು ಗೊತ್ತಾಗುತ್ತದೆ, ನೋವಾಗುವುದಿಲ್ಲ. ಗಾಜಿನ ಪಟ್ಟಿಯ ಮೇಲೆ ಸವರಿದ ಆ ಅಂಶಕ್ಕೆ ಗ್ರಾಮ್ ಬಣ್ಣ ಹಾಕಿದರೆ ಬ್ಯಾಕ್ಟೀರಿಯಾ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹಾಕಿದರೆ ಶಿಲೀಂಧ್ರದ ಎಳೆಗಳು ಅದೇ ದಿನ ಕಾಣಿಸಬಹುದು. ಉಳಿದದ್ದನ್ನು ಪೋಷಕ ಮಾಧ್ಯಮಗಳಲ್ಲಿ ಬೆಳೆಸುತ್ತಾರೆ. ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲಿ ಬೆಳೆಯುತ್ತವೆ, ಶಿಲೀಂಧ್ರಕ್ಕೆ ಕೆಲವೊಮ್ಮೆ ವಾರಗಳೇ ಬೇಕು.

ಇದಿಷ್ಟೂ ಏಕೆಂದರೆ, ಹುಣ್ಣನ್ನು ಕಣ್ಣಿನಿಂದ ನೋಡಿಯಷ್ಟೇ ಕಾರಣ ಹೇಳುವಾಗ ಅನುಭವಿ ತಜ್ಞರೂ ತಪ್ಪುತ್ತಾರೆ. ಬ್ಯಾಕ್ಟೀರಿಯಾದ ಔಷಧ ಶಿಲೀಂಧ್ರವನ್ನು ಮುಟ್ಟುವುದಿಲ್ಲ, ಶಿಲೀಂಧ್ರದ ಔಷಧ ವೈರಸ್ಸನ್ನು ಮುಟ್ಟುವುದಿಲ್ಲ. ಹನಿ ಶುರುಮಾಡಿ ಆಮೇಲೆ ಕೆರೆದರೆ ಏನೂ ಬೆಳೆಯದೆ ಹೋಗಬಹುದು. ಆದ್ದರಿಂದ ಸಾಧ್ಯವಿದ್ದರೆ ಔಷಧಕ್ಕೆ ಮೊದಲೇ ಆಗಬೇಕು. ಅಂಚಿನಲ್ಲಿರುವ ತೀರಾ ಸಣ್ಣ ಹುಣ್ಣಿಗೆ ಮಾತ್ರ ಪರೀಕ್ಷೆಯಿಲ್ಲದೆ ಚಿಕಿತ್ಸೆ ಆರಂಭಿಸುವುದುಂಟು.

ಗಂಟೆಗೊಮ್ಮೆ ಡ್ರಾಪ್ಸ್ ಹಾಕಿ ಎಂದಿದ್ದಾರೆ. ರಾತ್ರಿಯೂ ಎದ್ದು ಹಾಕಲೇಬೇಕೆ?

ಹಾಕಲೇಬೇಕು. ಕಣ್ಣಿಗೆ ಬಿದ್ದ ಹನಿಯನ್ನು ಕಣ್ಣೀರು ಕೆಲವೇ ನಿಮಿಷಗಳಲ್ಲಿ ತೊಳೆದುಬಿಡುತ್ತದೆ, ಮತ್ತು ರಕ್ತನಾಳಗಳಿಲ್ಲದ ಜಾಗಕ್ಕೆ ನುಂಗಿದ ಮಾತ್ರೆಯ ಔಷಧ ಸಾಕಷ್ಟು ತಲುಪುವುದಿಲ್ಲ. ಮೊದಲ 48 ಗಂಟೆ ಬಿಡುವಿಲ್ಲದೆ ಹಾಕಿದಾಗ ಮಾತ್ರ ಸೂಕ್ಷ್ಮಾಣುಗಳನ್ನು ಕೊಲ್ಲುವ ಮಟ್ಟದಲ್ಲಿ ಔಷಧ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಹುಣ್ಣಿಗೆ ಮಾಕ್ಸಿಫ್ಲಾಕ್ಸಸಿನ್‌ನಂಥ ಹನಿ, ಅಥವಾ ಹುಣ್ಣು ದೊಡ್ಡದಿದ್ದರೆ ಸಾಂದ್ರಗೊಳಿಸಿ ತಯಾರಿಸಿದ ಸೆಫಜೊಲಿನ್ ಮತ್ತು ಟೊಬ್ರಾಮೈಸಿನ್ ಹನಿಗಳನ್ನು ಕೊಡುತ್ತಾರೆ. ಎರಡು ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ಒಮ್ಮೆಗೆ ಒಂದು ಹನಿ ಸಾಕು. ಮನೆಯವರು ರಾತ್ರಿಯ ಪಾಳಿಯನ್ನು ಹಂಚಿಕೊಂಡರೆ ರೋಗಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಅದು ಸಾಧ್ಯವಾಗದಿದ್ದರೆ ಆಸ್ಪತ್ರೆಯಲ್ಲಿ ದಾಖಲಿಸಿಕೊಳ್ಳಿ ಎಂದು ಸಂಕೋಚವಿಲ್ಲದೆ ಕೇಳಬೇಕು.

ಹಿಂದೆ ಕಣ್ಣು ಕೆಂಪಾದಾಗ ಕೊಟ್ಟ ಡ್ರಾಪ್ಸ್ ಮನೆಯಲ್ಲಿದೆ. ಸದ್ಯಕ್ಕೆ ಅದನ್ನೇ ಹಾಕಲೇ?

ಬೇಡ. ಅದರಲ್ಲಿ ಸ್ಟೀರಾಯ್ಡ್ ಇರಬಹುದು; ಹೆಸರಿನಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಅಂಥ ಹನಿ ಹಾಕಿದ ದಿನವೇ ಕೆಂಪು ಇಳಿದು ನೋವು ಕಡಿಮೆಯಾಗುತ್ತದೆ, ಏಕೆಂದರೆ ಅದು ದೇಹದ ಪ್ರತಿರೋಧವನ್ನು ಅಡಗಿಸುತ್ತದೆ. ಒಳಗೆ ಶಿಲೀಂಧ್ರ ಅಥವಾ ಹರ್ಪಿಸ್ ತಡೆಯಿಲ್ಲದೆ ಬೆಳೆಯುತ್ತದೆ. ವಾಸಿಯಾಗುತ್ತಿದೆ ಎಂದುಕೊಂಡ ಆ ನಾಲ್ಕು ದಿನಗಳಲ್ಲಿ ಕಣ್ಣನ್ನೇ ಕಳೆದುಕೊಂಡವರಿದ್ದಾರೆ ಎಂಬುದನ್ನು ತುಂಬ ನೋವಿನಿಂದ ಬರೆಯುತ್ತಿದ್ದೇನೆ.

ಸೀಸೆಯೇ ಸೋಂಕಿನ ಮೂಲವೂ ಆಗಬಹುದು. 2023ರಲ್ಲಿ ಅಮೆರಿಕದಲ್ಲಿ ಕಲುಷಿತಗೊಂಡ ಕೃತಕ ಕಣ್ಣೀರಿನ ಹನಿಗಳಿಂದ, ಹೆಚ್ಚಿನ ಔಷಧಗಳಿಗೆ ಬಗ್ಗದ ಸ್ಯೂಡೋಮೊನಾಸ್ ಹರಡಿ ಹಲವರು ದೃಷ್ಟಿ ಕಳೆದುಕೊಂಡರು.

ಡ್ರಾಪ್ಸ್ ಶುರುಮಾಡಿದ ಮೇಲೆ ಬಿಳಿ ಇನ್ನೂ ಹೆಚ್ಚಾಗಿದೆ. ನಿಲ್ಲಿಸಲೇ?

ಕೇಳದೆ ನಿಲ್ಲಿಸಬೇಡಿ. ಸಿಪ್ರೊಫ್ಲಾಕ್ಸಸಿನ್ ಹನಿ ಹುಣ್ಣಿನ ಮೇಲೆ ಬಿಳಿ ಹರಳಾಗಿ ಕೂರುತ್ತದೆ. ಶಿಲೀಂಧ್ರಕ್ಕೆ ಕೊಡುವ ನಾಟಮೈಸಿನ್ ನೀರಿನಲ್ಲಿ ಕರಗದ ಪುಡಿಯಾದ್ದರಿಂದ ಬಿಳಿಯಾಗಿ ಅಂಟಿಕೊಳ್ಳುತ್ತದೆ. ಅದು ಔಷಧವೇ ಹೊರತು ರೋಗವಲ್ಲ. ನಾಟಮೈಸಿನ್ ಸೀಸೆಯನ್ನು ಪ್ರತಿ ಸಲ ಚೆನ್ನಾಗಿ ಕುಲುಕಿಯೇ ಹಾಕಬೇಕು. ಆದರೆ ನೋವೂ ಹೆಚ್ಚುತ್ತಿದ್ದರೆ, ಅಥವಾ ನೋಟ ಇಳಿಯುತ್ತಿದ್ದರೆ, ಅದೇ ದಿನ ಮತ್ತೆ ತೋರಿಸಬೇಕು.

ಕಣ್ಣಿಗೆ ಪಟ್ಟಿ ಕಟ್ಟಬೇಕೆ?

ಬೇಡ. ಪಟ್ಟಿಯ ಕೆಳಗಿನ ಬಿಸಿ ಮತ್ತು ತೇವ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಬೆಳಕು ತಡೆಯಲಾಗದಿದ್ದರೆ ಕಪ್ಪು ಕನ್ನಡಕ ಸಾಕು.

## ಆಳದ ಪ್ರಶ್ನೆಗಳು

ಸ್ಟೀರಾಯ್ಡ್ ಅಪಾಯ ಅನ್ನುತ್ತೀರಿ, ಆದರೆ ನಮ್ಮ ತಜ್ಞರೇ ಅದನ್ನು ಬರೆದುಕೊಟ್ಟಿದ್ದಾರಲ್ಲ?

ಕಾರಣ ಖಚಿತವಾದ ಮೇಲೆ, ಸರಿಯಾದ ಔಷಧದ ಜೊತೆಯಲ್ಲಿ, ತಜ್ಞರ ಕಣ್ಗಾವಲಿನಲ್ಲಿ ಕೊಡುವುದು ಬೇರೆಯೇ ಮಾತು. ಹರ್ಪಿಸ್‌ನಲ್ಲಿ ಮೇಲ್ಪೊರೆಯ ರೆಂಬೆಯಾಕಾರದ ಹುಣ್ಣಿಗೆ ಸ್ಟೀರಾಯ್ಡ್ ವಿಷದಂತೆ. ನಡುಪದರದ ಊತಕ್ಕೆ ವೈರಸ್ ವಿರೋಧಿ ಔಷಧದ ರಕ್ಷಣೆಯಲ್ಲಿ ಅದೇ ಸ್ಟೀರಾಯ್ಡ್ ಉಪಕಾರಿ. ಬ್ಯಾಕ್ಟೀರಿಯಾ ಹುಣ್ಣಿನ ಬಗ್ಗೆ 500 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ರತಿಜೀವಕದ ಜೊತೆ ಸ್ಟೀರಾಯ್ಡ್ ಸೇರಿಸಿದ್ದರಿಂದ ಮೂರು ತಿಂಗಳ ನಂತರದ ದೃಷ್ಟಿಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಶಿಲೀಂಧ್ರ ಇರಬಹುದೆಂಬ ಅನುಮಾನವಿರುವವರೆಗೆ ಅದನ್ನು ಹಾಕದಿರುವುದೇ ಸರಿ.

ಶಿಲೀಂಧ್ರ ಎಂದು ತಿಂಗಳಿಂದ ಔಷಧ ಹಾಕುತ್ತಿದ್ದೇವೆ, ಕಡಿಮೆಯಾಗುತ್ತಿಲ್ಲ. ಏಕೆ?

ಮೊದಲು ತಾಳ್ಮೆಯ ಮಾತು: ಶಿಲೀಂಧ್ರದ ಹುಣ್ಣು ಮಾಯಲು ಹಲವು ವಾರಗಳು ಬೇಕು, ಏಕೆಂದರೆ ಔಷಧಗಳು ಆಳಕ್ಕೆ ಇಳಿಯುವುದು ಕಷ್ಟ. ಯಾವ ಔಷಧ ಎಂಬುದೂ ಮುಖ್ಯ. 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಎಳೆಯಾಕಾರದ ಶಿಲೀಂಧ್ರಗಳಿಗೆ ಹೊಸ ಔಷಧವಾದ ವೊರಿಕೊನಜೋಲ್ ಹನಿಗಿಂತ ಹಳೆಯ 5 ಶೇಕಡಾ ನಾಟಮೈಸಿನ್ ಉತ್ತಮವೆಂದು ತಿಳಿಯಿತು. ಫ್ಯುಸೇರಿಯಮ್‌ನಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಇನ್ನೊಂದು ಸಾಧ್ಯತೆಯನ್ನೂ ವೈದ್ಯರ ಗಮನಕ್ಕೆ ತರಬೇಕು. ಪಿಥಿಯಮ್ ಎಂಬ ಜೀವಿ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದಂತೆಯೇ ಎಳೆಯೆಳೆಯಾಗಿ ಕಾಣುತ್ತದೆ, ಆದರೆ ಶಿಲೀಂಧ್ರವಲ್ಲ. ನೀರಿನಲ್ಲಿ ಈಜುವ ಬೀಜಕಗಳನ್ನು ಬಿಡುವ ಬೇರೆಯೇ ವರ್ಗದ ಜೀವಿ. ಶಿಲೀಂಧ್ರನಾಶಕಗಳು ಗುರಿಯಿಡುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ಅಂಶ ಅದರ ಪೊರೆಯಲ್ಲಿ ಇಲ್ಲದ್ದರಿಂದ ಅವು ನಾಟುವುದಿಲ್ಲ. ಲಿನೆಜೋಲಿಡ್ ಮತ್ತು ಅಜಿತ್ರೊಮೈಸಿನ್ ಹನಿಗಳಿಂದ ಕೆಲವರಲ್ಲಿ ಹತೋಟಿಗೆ ಬರುತ್ತದೆ, ಅನೇಕರಿಗೆ ಕಾರ್ನಿಯಾ ಕಸಿಯೇ ಬೇಕಾಗುತ್ತದೆ. ನಾಟಮೈಸಿನ್‌ಗೆ ಜಗ್ಗದ ಹುಣ್ಣನ್ನು ಮತ್ತೊಮ್ಮೆ ಕೆರೆದು ಪರೀಕ್ಷಿಸುವಂತೆ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ.

ಹುಣ್ಣು ತೂತಾಗಿದೆ ಎಂದರು. ಕಣ್ಣು ಹೋಯಿತೆಂದೇ ಅರ್ಥವೇ?

ಅಲ್ಲ, ಆದರೆ ಗಂಟೆಗಳನ್ನು ಎಣಿಸಬೇಕಾದ ಸ್ಥಿತಿ. ಎರಡು ಮೂರು ಮಿಲಿಮೀಟರಿಗಿಂತ ಚಿಕ್ಕ ತೂತನ್ನು ವೈದ್ಯಕೀಯ ಅಂಟಿನಿಂದ ಮುಚ್ಚಿ, ಮೇಲೆ ಮೆದು ಲೆನ್ಸ್ ಇಡುತ್ತಾರೆ. ಅದಕ್ಕಿಂತ ದೊಡ್ಡದಾದರೆ, ಅಥವಾ ಔಷಧಕ್ಕೆ ಬಗ್ಗದ ಹುಣ್ಣು ಬಿಳಿಗುಡ್ಡೆಯತ್ತ ಹಬ್ಬುತ್ತಿದ್ದರೆ, ಸೋಂಕಿದ ಕಾರ್ನಿಯಾವನ್ನು ಕತ್ತರಿಸಿ ತೆಗೆದು ದಾನಿಯ ಕಾರ್ನಿಯಾವನ್ನು ಹೊಲಿಯುತ್ತಾರೆ. ಈ ಶಸ್ತ್ರಚಿಕಿತ್ಸೆಯ ಮೊದಲ ಗುರಿ ಕಣ್ಣುಗುಡ್ಡೆಯನ್ನು ಉಳಿಸುವುದು, ದೃಷ್ಟಿಯ ಮಾತು ಆಮೇಲೆ. ಇದನ್ನು ಮೊದಲೇ ತಿಳಿದಿದ್ದರೆ ಪಟ್ಟಿ ಬಿಚ್ಚಿದ ದಿನ ಎದೆಗುಂದಬೇಕಾಗುವುದಿಲ್ಲ.

ಸೋಂಕು ವಾಸಿಯಾಗಿದೆ, ಹೂವು ಉಳಿದಿದೆ. ಮತ್ತೆ ಕಾಣುವ ದಾರಿ ಇದೆಯೇ?

ಕಲೆ ಪಾಪೆಯ ಎದುರಿಗಿಲ್ಲದಿದ್ದರೆ ಅಥವಾ ತೆಳುವಾಗಿದ್ದರೆ, ನೋಟ ಕೆಡಲು ಮುಖ್ಯ ಕಾರಣ ಕಾರ್ನಿಯಾದ ಮೇಲ್ಮೈ ಏರುಪೇರಾಗಿರುವುದು. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಅದರಡಿಯ ಕಣ್ಣೀರು ಆ ಏರುಪೇರನ್ನು ತುಂಬಿ, ಕೆಲವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಚೆನ್ನಾಗಿ ಕಾಣುತ್ತದೆ. ಕಸಿಗೆ ಒಪ್ಪುವ ಮುನ್ನ ಇದನ್ನು ಒಮ್ಮೆ ಪರೀಕ್ಷಿಸಿ ನೋಡಲೇಬೇಕು. ಆರಂಭದ ಹಲವು ತಿಂಗಳು ಕಲೆ ತಾನಾಗಿಯೇ ಸ್ವಲ್ಪ ತಿಳಿಯಾಗುವುದೂ ಉಂಟು, ಹಾಗಾಗಿ ಅವಸರ ಬೇಡ.

ದಟ್ಟವಾದ ಕಲೆಗೆ ಕಸಿಯೇ ದಾರಿ. 1905ರ ಡಿಸೆಂಬರ್ 7ರಂದು ಈಗಿನ ಚೆಕ್ ಗಣರಾಜ್ಯದಲ್ಲಿರುವ ಓಲೊಮೌಟ್ಸ್ ಪಟ್ಟಣದಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು, ಸುಣ್ಣ ಬಿದ್ದು ಕಣ್ಣು ಕಳೆದುಕೊಂಡಿದ್ದ ಕಾರ್ಮಿಕರೊಬ್ಬರಿಗೆ ಮೊದಲ ಬಾರಿ ಯಶಸ್ವಿಯಾಗಿ ಕಾರ್ನಿಯಾ ಕಸಿ ಮಾಡಿದರು. ಎರಡು ಕಣ್ಣುಗಳಲ್ಲಿ ಒಂದರ ಕಸಿ ಉಳಿಯಿತು. ಕಾರ್ನಿಯಾ ಕಸಿ ಇಷ್ಟು ಹಿಂದೆಯೇ ಸಾಧ್ಯವಾದದ್ದಕ್ಕೆ ಅದರಲ್ಲಿ ರಕ್ತನಾಳಗಳಿಲ್ಲದಿರುವುದು ದೊಡ್ಡ ಕಾರಣ: ದೇಹ ಅನ್ಯ ಅಂಗಾಂಶವನ್ನು ಗುರುತಿಸಿ ತಿರಸ್ಕರಿಸುವ ಸಂಭವ ಅಲ್ಲಿ ಕಡಿಮೆ. ಸೋಂಕಿನಿಂದ ಕಲೆಯೊಳಗೆ ರಕ್ತನಾಳಗಳು ಬೆಳೆದುಬಂದಿದ್ದರೆ ಈ ಅನುಕೂಲ ಕಡಿಮೆಯಾಗುತ್ತದೆ, ಕಾರಣ ಹರ್ಪಿಸ್ ಆಗಿದ್ದರೆ ಅದು ಹೊಸ ಕಾರ್ನಿಯಾಕ್ಕೂ ಮರಳಬಹುದು. ಹೀಗಾಗಿ ಕಣ್ಣು ಶಾಂತವಾಗಿ ಹಲವು ತಿಂಗಳು ಕಳೆದ ಮೇಲೆ ಕಸಿ ಮಾಡುತ್ತಾರೆ, ಹರ್ಪಿಸ್ ಇದ್ದವರಿಗೆ ಅಸೈಕ್ಲೊವಿರ್ ಮುಂದುವರಿಸುತ್ತಾರೆ. ಕಸಿಯಾದ ಕಣ್ಣು ವರ್ಷಗಳ ನಂತರವೂ ಕೆಂಪಾದರೆ, ಬೆಳಕು ಚುಚ್ಚಿದರೆ, ನೋಟ ಮಂಜಾದರೆ ಅಥವಾ ನೋವು ಬಂದರೆ ಅದೇ ದಿನ ತೋರಿಸಬೇಕು. ತಿರಸ್ಕಾರದ ಆರಂಭದಲ್ಲೇ ಸ್ಟೀರಾಯ್ಡ್ ಹನಿಗಳನ್ನು ಹಾಕಿದರೆ ಕಸಿಯನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು.